ಮೆಕ್ಕೆಜೋಳದ ಎಲೆ ಸುತ್ತಿಕೊಂಡಾಗ ಮೊದಲು ಹೊತ್ತು ನೋಡಿ

ಆಶ್ಲೇಷ ಮಳೆ ಕೈಕೊಟ್ಟರೆ ಜಗಳೂರು, ದಾವಣಗೆರೆ, ಹೊಳಲ್ಕೆರೆ ಕಡೆ ಮಧ್ಯಾಹ್ನದ ಹೊತ್ತಿಗೆ ಮೆಕ್ಕೆಜೋಳದ ಎಲೆಗಳು ಈರುಳ್ಳಿ ಎಲೆಯ ಹಾಗೆ ಸುತ್ತಿಕೊಂಡು ನಿಲ್ಲುತ್ತವೆ. ಬೆಳೆ ಹೋಯಿತು ಎಂದು ಕೈಚೆಲ್ಲಬೇಕಿಲ್ಲ. ಸಂಜೆ ಐದರ ಸುಮಾರಿಗೆ ಎಲೆ ಬಿಚ್ಚಿಕೊಂಡರೆ ಗಿಡ ಇನ್ನೂ ತಾಳಿಕೊಳ್ಳುತ್ತಿದೆ. ಬೆಳಗ್ಗೆ ಎಂಟಕ್ಕೇ ಸುತ್ತಿದ್ದರೆ ರಾತ್ರಿಯಿಡೀ ಬೇರಿಗೆ ಬೇಕಾದಷ್ಟು ನೀರು ಸಿಕ್ಕಿಲ್ಲ. ಚಿಂತೆ ಮಾಡಬೇಕಾದ್ದು ಆಗ.

ಎಲೆಯ ಮೇಲ್ಮೈಯಲ್ಲಿ ಉಬ್ಬಿದ ದೊಡ್ಡ ಕೋಶಗಳ ಸಾಲುಗಳಿವೆ. ನೀರು ಕಡಿಮೆಯಾದಾಗ ಅವು ಕುಗ್ಗಿ ಎಲೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಬಿಸಿಲಿಗೆ ಒಡ್ಡುವ ಮೈ ಕಿರಿದಾಗುತ್ತದೆ. ಅಷ್ಟರಲ್ಲಿ ಒಳಗೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರಿರುತ್ತದೆ. ಅದು ಪತ್ರರಂಧ್ರದ ಕಾವಲು ಕೋಶಗಳಿಂದ ಪೊಟ್ಯಾಸಿಯಂ ಹೊರಹಾಕಿಸುತ್ತದೆ, ಹಿಂದೆಯೇ ನೀರೂ ಹೊರಡುತ್ತದೆ, ರಂಧ್ರ ಮುಚ್ಚುತ್ತದೆ. ಮಣ್ಣು ಒಣಗಿದ ಸುದ್ದಿ ಬೇರಿನಿಂದ ಎಲೆಗೆ ಮುಟ್ಟುವುದು ಹೇಗೆ? 2018ರಲ್ಲಿ ಜಪಾನಿನ ಸಂಶೋಧಕರು ಪ್ರಯೋಗಕ್ಕೆ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸಿಎಲ್‌ಇ25 ಎಂಬ ಪೆಪ್ಟೈಡ್ (ಪ್ರೋಟೀನಿನಂಥ ಚಿಕ್ಕ ಸರಪಳಿ) ಈ ಕೆಲಸ ಮಾಡುವುದನ್ನು ತೋರಿಸಿದರು.

ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದಿಲ್ಲ, ಎಲೆ ತಣ್ಣಗಾಗುವುದೂ ನಿಲ್ಲುತ್ತದೆ. ಹತ್ತಾರು ದಿನ ಹೀಗೇ ನಡೆದರೆ ಕೆಳಗಿನ ಎಲೆಗಳು ಸುಡತೊಡಗುತ್ತವೆ. ಡಿಎಪಿ, ಯೂರಿಯಾ ಮಾತ್ರ ಹಾಕಿ ಪೊಟ್ಯಾಷ್ ಬಿಟ್ಟ ಹೊಲಗಳಲ್ಲಿ ಇದು ಬೇಗ ಕಾಣುತ್ತದೆ. ರಂಧ್ರ ತೆರೆದು ಮುಚ್ಚುವುದೇ ಪೊಟ್ಯಾಸಿಯಂನಿಂದ ತಾನೇ.

ನಿಜವಾದ ನಷ್ಟ ಎಲೆಯಲ್ಲಲ್ಲ, ತೆನೆಯಲ್ಲಿ. ಜೂನ್ ನಡುವೆ ಬಿತ್ತಿದ ಬೆಳೆ 50–55 ದಿನಕ್ಕೆ, ಅಂದರೆ ಆಶ್ಲೇಷದ ಹೊತ್ತಿಗೇ ಸೂಲಂಗಿ (ತುದಿಯ ಗಂಡು ಹೂಗೊಂಚಲು) ಬಿಡುತ್ತದೆ. ಬರ ಬಿದ್ದರೂ ಸೂಲಂಗಿ ಹೆಚ್ಚುಕಡಿಮೆ ಸಮಯಕ್ಕೇ ಪರಾಗ ಉದುರಿಸುತ್ತದೆ. ಆ ಪರಾಗ ಹಿಡಿಯುವ ತೆನೆಯ ರೇಷ್ಮೆ ಎಳೆಗಳು ಉದ್ದವಾಗಲು ಮಾತ್ರ ನೀರು ಬೇಕು, ಅವು ತಡವಾಗುತ್ತವೆ. ಬುಡದ ಕಾಳುಗಳ ಎಳೆ ಮೊದಲು ಹೊರಬರುತ್ತದೆ, ತುದಿಯದು ಕೊನೆಗೆ. ಅಷ್ಟರಲ್ಲಿ ಪರಾಗ ಮುಗಿದಿರುತ್ತದೆ. ತುದಿ ಬೋಳಾಗಲು ಇದೊಂದು ಮುಖ್ಯ ಕಾರಣ. ಬಿಸಿಲಿಗೆ ಪರಾಗ ಸುಟ್ಟಿತು ಎನ್ನುವವರಿದ್ದಾರೆ. ಆಗಸ್ಟಿನಲ್ಲಿ ನಮ್ಮಲ್ಲಿ ಅಂಥ ಬಿಸಿಲೆಲ್ಲಿ?

ಚಳ್ಳಕೆರೆಯ ಶೇಂಗಾ ಈ ವಿಷಯದಲ್ಲಿ ಜಾಣ. ಎಲೆಗಳನ್ನು ಮಡಚಿ ಬಿಸಿಲಿಗೆ ಅಂಚು ತೋರಿಸುತ್ತದೆ, ವಾರಗಟ್ಟಲೆ ಹೂ ಬಿಡುತ್ತದೆ. ಒಂದು ಕಂತು ಹೋದರೆ ಇನ್ನೊಂದಿದೆ. ಮೇಲ್ಮಣ್ಣು ಗಟ್ಟಿಯಾಗಿ ಊಡು (ಕಾಯಿ ಕಟ್ಟಲು ಹೂವಿನಿಂದ ಮಣ್ಣಿಗಿಳಿಯುವ ಮೊನೆ) ಇಳಿಯದಿದ್ದರೆ ಮಾತ್ರ ಕಷ್ಟ. ಮೆಕ್ಕೆಜೋಳಕ್ಕೆ ಸಿಗುವುದು ಒಂದೇ ಅವಕಾಶ.

ಹಾಗಾಗಿ ಕೃಷಿ ಹೊಂಡದಲ್ಲಿ ಒಂದೇ ಸಲಕ್ಕೆ ಸಾಲುವಷ್ಟು ನೀರಿದ್ದರೆ ಮೊಣಕಾಲೆತ್ತರದ ಪೈರಿಗೆ ಖರ್ಚು ಮಾಡಬೇಡಿ. ಸೂಲಂಗಿ ಇಣುಕುವಾಗ ಸಾಲು ಬಿಟ್ಟು ಸಾಲಿಗೆ ಹಾಯಿಸಿ. ಅದಕ್ಕೂ ಮೊದಲು, ಬಿತ್ತಿ 30–35 ದಿನದೊಳಗೆ ಎಡೆಕುಂಟೆ ಹೊಡೆದರೆ ಎರೆಮಣ್ಣಿನ ಬಿರುಕು ಮುಚ್ಚುತ್ತದೆ; ತಡಮಾಡಿ ಹೊಡೆದರೆ ಬೇರೇ ಕತ್ತರಿಸಿಹೋಗುತ್ತದೆ. ಪೊಟ್ಯಾಸಿಯಂ ನೈಟ್ರೇಟ್ (13-0-45) ಲೀಟರಿಗೆ 10 ಗ್ರಾಂನಂತೆ, ಎಕರೆಗೆ 200 ಲೀಟರ್ ದ್ರಾವಣ, ಎಲೆ ಬಿಚ್ಚಿರುವ ಹೊತ್ತಿನಲ್ಲಿ ಸಿಂಪಡಿಸಬಹುದು. ಸುತ್ತಿದ ಎಲೆಗೆ ಹೊಡೆದದ್ದು ಬಹುಪಾಲು ಜಾರಿ ನೆಲಕ್ಕೆ. ಒಣ ಮಣ್ಣಿಗೆ ಯೂರಿಯಾ ಎರಚುವುದಂತೂ ದಂಡ: ಒಂದಿಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ, ಉಳಿದದ್ದು ಬೇರಿನ ಸುತ್ತ ಉಪ್ಪಿನಂಶ ಹೆಚ್ಚಿಸಿ ನೀರು ಹೀರುವುದನ್ನೇ ಕಷ್ಟವಾಗಿಸುತ್ತದೆ.

ಇದೇ ಬಾಡು ನೀರು ನಿಂತ ಹೊಲದಲ್ಲೂ ಕಾಣುತ್ತದೆ, ಅಲ್ಲೇ ಮೋಸ ಹೋಗುವುದು. ಆಮ್ಲಜನಕ ಸಿಗದ ಬೇರು ನೀರು ಹೀರಲಾರದು. ಹಿಡಿ ಮಣ್ಣು ಒತ್ತಿದಾಗ ನೀರು ಜಿನುಗಿದರೆ ಮೊದಲು ಬದುವಿನ ಪಕ್ಕ ಕಾಲುವೆ ತೆಗೆದು ನೀರು ಹೊರಗೆ ಬಿಡಿ. ಎಲೆ ಹಳದಿಯಾಗಿದ್ದರೆ, ನೆಲ ಕಾಲಿಡುವಷ್ಟು ಆರಿದ ಮೇಲೆ, ಎಕರೆಗೆ 20–25 ಕೆ.ಜಿ. ಯೂರಿಯಾ ಕೊಡಿ.