ಪಟ್ಟಿ ಕಾಗದದ ಲೆಕ್ಕ

ಚಿಕ್ಕಮಗಳೂರಲ್ಲಿ ಸಂಜೆ ಹನಿ ಮಳೆ. ಕಾಫಿ ಒಣಗಿಸೋ ಕಣದಲ್ಲಿ ಆರ್‌ಸಿ (ರಿಮೋಟ್ ಕಂಟ್ರೋಲ್) ಆಟಿಕೆ ಟ್ರಕ್ ಎರಡೇ ಸುತ್ತು, ಆಮೇಲೆ ಕರ್ರ್ ಅಂತ ಸದ್ದು. ಭಾನುವಾರ ಕ್ಲಬ್ ರೇಸು ಬೇರೆ!

ಬಿಚ್ಚಿದರೆ ಸ್ಪರ್ ಗೇರಿನ, ಅಂದ್ರೆ ಮೋಟಾರ್ ತಿರುಗಿಸೋ ದೊಡ್ಡ ಗೇರಿನ, ಹಲ್ಲು ಬೋಳು.

ಮೋಟಾರಿನ ತಪ್ಪಲ್ಲ. ಮೋಟಾರ್ ಶಾಫ್ಟಿನ ಸಣ್ಣ ಗೇರು ಪಿನಿಯನ್; ಅದನ್ನ ಹಿಡಿದಿಡೋ ತಲೆಯಿಲ್ಲದ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂತಿರಲಿಲ್ಲ. ಪಿನಿಯನ್ ಹೊರಕ್ಕೆ ಜಾರಿ, ಹಲ್ಲಿನ ಅರ್ಧ ಅಗಲ ಮಾತ್ರ ಕಚ್ಚುತ್ತಿತ್ತು.

ಆ ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಾಕೋ ಅಂಟು) ಒಂದು ಹನಿ ಸಾಕು. ಕೆಂಪು ಹಾಕಿದರೆ ಬಿಚ್ಚೋಕೆ ಕಾಯಿಸಬೇಕು. ಪ್ಲಾಸ್ಟಿಕ್ಕಿಗೆ ಮಾತ್ರ ತಾಗಿಸಬೇಡಿ, ಬಿರುಕು ಬಿಡುತ್ತೆ.

ಇನ್ನು ಮೆಶ್, ಅಂದ್ರೆ ಎರಡು ಗೇರಿನ ಹಲ್ಲು ಕಚ್ಚೋ ಅಂತರ. ನೋಟ್‌ಬುಕ್ ಹಾಳೆಯಿಂದ ಸಣ್ಣ ಪಟ್ಟಿ ಹರಿದು ಎರಡು ಗೇರಿನ ಮಧ್ಯೆ ಇಟ್ಟು, ಮೋಟಾರನ್ನ ಒತ್ತಿ ಹಿಡಿದು ಅದರ ಸ್ಕ್ರೂ ಬಿಗಿ ಮಾಡಿ. ಗೇರು ತಿರುಗಿಸಿ ಪಟ್ಟಿ ಹೊರತೆಗೆದಾಗ ಅದು ಹರಿಯದೆ ಅಂಕುಡೊಂಕು ಮಡಿಕೆ ಬಿದ್ದಿರಬೇಕು. ಹರಿದಿದ್ದರೆ ತೀರಾ ಬಿಗಿ, ಮೋಟಾರ್ ಬಿಸಿಯಾಗುತ್ತೆ. ಮಡಿಕೆಯೇ ಇಲ್ಲ ಅಂದ್ರೆ ಸಡಿಲ, ಮೊದಲ ಜಂಪಿಗೇ ಹಲ್ಲು ಹೋಯ್ತು. ಸ್ಪರ್ ಪೂರ್ತಿ ದುಂಡಗಿರೋದು ಅಪರೂಪ, ಅದಕ್ಕೆ ಮೂರ್ನಾಲ್ಕು ಕಡೆ ತಿರುಗಿಸಿ ನೋಡಿ. ಅತಿ ಬಿಗಿಯಾದ ಜಾಗದಲ್ಲೂ ಕೂದಲೆಳೆಯಷ್ಟು ಸಡಿಲ ಇರಲಿ.

ಸಾವಿರಾರು ರೂಪಾಯಿ ಮೋಟಾರು, ಕಾಪಾಡೋದು ಒಂದು ಚೂರು ಕಾಗದ!

ಬ್ಯಾಟರಿ ಈಗಲೇ ತುಂಬಿಸೋದು ಬೇಡ. 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) 8.4 ವೋಲ್ಟಿಗೆ ತುಂಬಿಸಿ ದಿನಗಟ್ಟಲೆ ಇಟ್ಟರೆ ಉಬ್ಬಬಹುದು. ಸೆಲ್ಲಿಗೆ 3.8 ವೋಲ್ಟಿನಲ್ಲಿರಲಿ, ರೇಸಿನ ಬೆಳಿಗ್ಗೆ ಚಾರ್ಜ್.

ಕೆಮ್ಮಣ್ಣು ಬೇರಿಂಗಿಗೂ ಹೊಕ್ಕಿದೆ. ಅದು ನಾಳೆಗೆ.