ಬೆಂಗಳೂರಿಗೂ ಚಳಿಗಾಲ ಇದೆ ಸ್ವಾಮಿ

ದೆಹಲಿಯಲ್ಲಿರುವ ನನ್ನ ನಾದಿನಿಗೆ ಬೆಂಗಳೂರಿನ ಚಳಿ ಅಂದ್ರೆ ನಗು. "ಅತ್ತಿಗೆ, ಹದಿನೈದು ಡಿಗ್ರಿಗೆಲ್ಲ ಸ್ವೆಟರಾ?" ಅನ್ನುತ್ತಾಳೆ. ಅವಳ ಬಾಯಿ ಮುಚ್ಚಿಸಲು ನನ್ನ ಹತ್ತಿರ ಇರುವುದು ಒಂದೇ ಅಸ್ತ್ರ. 1884ರ ಜನವರಿ 13ರಂದು ಈ ಊರಲ್ಲಿ 7.8 ಡಿಗ್ರಿ ಇತ್ತು. ಆ ದಾಖಲೆ ಇನ್ನೂ ಮುರಿದಿಲ್ಲ. ಆದರೆ ಮುತ್ತಜ್ಜನ ಕಾಲದ ಚಳಿ ತೋರಿಸಿ ಎಷ್ಟು ದಿನ ವಾದ ಮಾಡುವುದು?

ನನ್ನ ತೊಂದರೆ ಥರ್ಮಾಮೀಟರಿನದ್ದಲ್ಲ, ಉಬ್ಬಸದ್ದು. ನವೆಂಬರ್ ಬಂತು ಅಂದರೆ ಎದೆಯಲ್ಲಿ ಸುಂಯ್ ಅನ್ನುವ ಸದ್ದು ಶುರು. ಬೆಳಗಿನ ಜಾವ ತಣ್ಣನೆ ಗಾಳಿ ಕೆಳಗೇ ಕೂತುಬಿಡುತ್ತದೆ. ಹೊಗೆ, ಧೂಳು ಮೇಲೇರದೆ ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಹಾಗಾಗಿ ಬಿಸಿಲೇರುವವರೆಗೆ ವಾಕಿಂಗ್ ಬೇಡ ಅಂತ ಡಾಕ್ಟರ ಅಪ್ಪಣೆ. ನಮ್ಮದೋ ತ್ಯಾಗರಾಜನಗರದ ನೆಲಮಹಡಿ. ಪೂರ್ವಕ್ಕೆ ನಾಲ್ಕಂತಸ್ತು ಎದ್ದ ಮೇಲೆ ಬಿಸಿಲು ನಮ್ಮ ಕಿಟಕಿಗೆ ಬರುವುದೇ ಹನ್ನೊಂದಕ್ಕೆ.

ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಕೂತಿರಬೇಕು. ಆ ಹೊತ್ತಿನಲ್ಲಿ ಓದಿದರೆ ಕುತ್ತಿಗೆ ಜೋಲುತ್ತದೆ. ಬರೆದರೆ ಇಲ್ಲ. ಕೂತವಳ ಕೈಗೆ ಒಂದು ಕೆಲಸ ಬೇಕಲ್ವಾ? ಅವೆನ್ಯೂ ರಸ್ತೆಯಲ್ಲಿ ಕೊಂಡ ಉದ್ದನೆಯ ಲೆಕ್ಕದ ಪುಸ್ತಕ ಇದೆ. ಜಮಾ-ಖರ್ಚಿನ ಗೆರೆ ಲೆಕ್ಕಿಸದೆ ಅಡ್ಡಡ್ಡ ಬರೆಯುತ್ತೇನೆ.

ಮನಸ್ಸಿನ ನೋವು-ಗೀವು ಬರೆಯುವುದಿಲ್ಲ. ಆ ಹೊತ್ತಿನಲ್ಲಿ ಮನಸ್ಸಿಗೆ ಸಲಿಗೆ ಕೊಟ್ಟರೆ ಕೆಟ್ಟಿತು. ಕಿಟಕಿಯಾಚೆ ಕಂಡದ್ದು ಮಾತ್ರ. ಎದುರಿನ ಬೀಗ ಹಾಕಿದ ಅಂಗಡಿಯ ಕಟ್ಟೆ ಮೇಲೆ ಪೇಪರ್ ಹುಡುಗರು ಕೂರುತ್ತಾರೆ. ಒಬ್ಬ ಪುರವಣಿ ತುರುಕುತ್ತಾನೆ, ಇನ್ನೊಬ್ಬ ಎಣಿಸುತ್ತಾನೆ, ಮಂಕಿ ಟೋಪಿಯ ಯಜಮಾನ ಸುಮ್ನೆ ಬೈಯುತ್ತಾನೆ. ನಂದಿನಿ ಹಾಲಿನ ಕ್ರೇಟು ದಡ್ ಅಂತ ಬೀಳುತ್ತದೆ. ಧನುರ್ಮಾಸದಲ್ಲಿ ದೇವಸ್ಥಾನದ ಗಂಟೆಯೂ ಸೇರುತ್ತದೆ. ಪಕ್ಕದ ಮನೆಯವರು ಹುಗ್ಗಿ ಪ್ರಸಾದ ತಂದುಕೊಟ್ಟ ದಿನ ಬರವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಸೂರ್ಯ ಹುಟ್ಟುವ ಹೊತ್ತನ್ನೂ ಬರೆದಿಡುತ್ತೇನೆ. ಡಿಸೆಂಬರ್ 21 ದಾಟಿದರೆ ಹಗಲು ಉದ್ದವಾಗುತ್ತದೆ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ನಿಜ, ಆದರೆ ಉದ್ದವಾಗುವುದು ಸಂಜೆ ಕಡೆ. ಬೆಳಗ್ಗೆ ಸೂರ್ಯ ಜನವರಿ ಕೊನೆಯವರೆಗೂ ಇನ್ನಷ್ಟು ತಡ ಮಾಡುತ್ತಲೇ ಹೋಗುತ್ತಾನೆ, ಸುಮಾರು 6.45ರವರೆಗೆ. ಕತ್ತಲೆಯಲ್ಲಿ ಕಾಯುವವರಿಗೆ ಮಾತ್ರ ಇದು ಗೊತ್ತು.

ಓದು ಸಂಜೆಗೆ. ಚಳಿಗೆ ದಪ್ಪ ಕಾದಂಬರಿಯೇ ಆಗಬೇಕು. ತುಂಬಾ ಜನ ಇರಬೇಕು. ಮದುವೆ, ಜಗಳ, ಕೋರ್ಟು, ಊಟ ಎಲ್ಲ ಬರಬೇಕು. ಸಾವು ಬಂದರೂ ಪರವಾಗಿಲ್ಲ, ನಿಧಾನವಾಗಿ ಬರಲಿ. ಪುಸ್ತಕ ತರುವುದು ನಮ್ಮೆಜಮಾನ್ರು, ಬಡಾವಣೆಯ ಲೈಬ್ರರಿಯಿಂದ. ರಿಟೈರಾದ ಬ್ಯಾಂಕಿನವರು. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇಕಡಾ 6 ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಪುಸ್ತಕ ತರದಿದ್ದರೆ ದಂಡ ಅಲ್ವೇನೇ ಅನ್ನುತ್ತಾರೆ.

ಅವರೆಕಾಯಿ ಕಾಲದಲ್ಲಿ ನನ್ನ ಕೈಗೆ ಬಿಡುವಿಲ್ಲ, ಹಾಗಾಗಿ ಓದುವುದೂ ಅವರೇ. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಆಚೆ ಜಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅತ್ತ ಅವರು ಬ್ಯಾಲೆನ್ಸ್ ಶೀಟ್ ಓದಿದ ಹಾಗೆ ಓದುತ್ತಾರೆ. ನಾಯಕಿ ಬಾವಿಗೆ ಹಾರಿದ್ದಕ್ಕೂ ಅಡಿಕೆ ಧಾರಣೆಗೂ ಒಂದೇ ದನಿ! ಮೊದಲು ಸಿಟ್ಟು ಬರುತ್ತಿತ್ತು. ಈಗ ಅದೇ ಇಷ್ಟ. ಅಳುವುದೋ ಬಿಡುವುದೋ ನನ್ನ ಪಾಲಿಗೆ ಬಿಡುತ್ತಾರೆ.

ನಡುವೆ ಪುಟ ತಿರುಗಿಸಲು ಸೊಗಡಿನ ಕೈ ಹಾಕುತ್ತೇನೆ. ಲೈಬ್ರರಿಯ ಹುಡುಗ ಹಿಂದಿರುಗಿಸಿದ ಪುಸ್ತಕ ಮೂಸಿ, "ಸಾರ್, ಮನೇಲಿ ಹಿತಕಿದ ಬೇಳೆ ಸಾರಾ?" ಅಂದನಂತೆ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ. ಈಗ ಹಿಡಿದಿರುವ ಕಾದಂಬರಿಯಲ್ಲಿ ಅಣ್ಣತಮ್ಮಂದಿರ ಪಾಲಿನ ಪಂಚಾಯಿತಿ ಇನ್ನೂ ಕೂತಿಲ್ಲ, ಅಷ್ಟರೊಳಗೆ ಮುಗಿಯುವ ಲಕ್ಷಣ ಕಾಣುವುದಿಲ್ಲ. ವಾಯಿದೆ ಮುಂದೂಡಿಸಲು ನಮ್ಮೆಜಮಾನ್ರು ಲೈಬ್ರರಿಗೆ ಹೋಗಿದ್ದಾರೆ.