ಕ್ಯಾಂಪರ್ ವ್ಯಾನಿಗೊಂದು ಆಫ್‌ರೋಡ್ ಟ್ರೇಲರ್: ಹಿಂಬಾಗಿಲು, ಮುಂಭಾರ, ಧೂಳು

ಆಫ್‌ರೋಡ್ ಟ್ರೇಲರ್ ಅಂದ ತಕ್ಷಣ ಎಲ್ರೂ ಕೇಳೋದು ಸಸ್ಪೆನ್ಶನ್ ಯಾವ್ದು, ಟೈರ್ ಎಷ್ಟು ದೊಡ್ಡದು ಅಂತ. ಜೀಪ್ ಹಿಂದೆ ಎಳೆಯೋದಾದ್ರೆ ಅದು ಸರಿ ಬಿಡಿ. ಕ್ಯಾಂಪರ್ ವ್ಯಾನಿಗಾದ್ರೆ ಡಿಸೈನ್ ಶುರು ಮಾಡ್ಬೇಕಾಗಿರೋದು ವ್ಯಾನಿನ ಹಿಂಬಾಗಿಲಿಂದ, ಅದಾದ್ಮೇಲೆ ವ್ಯಾನಲ್ಲಿ ಇನ್ನೆಷ್ಟು ತೂಕ ಹೊರೋ ತಾಕತ್ತು ಉಳಿದಿದೆ ಅನ್ನೋದ್ರಿಂದ. ಸಸ್ಪೆನ್ಶನ್ನು ಗಿಸ್ಪೆನ್ಶನ್ನು ಎಲ್ಲ ಆಮೇಲಿನ ಮಾತು.

ನಮ್ಮದು ಫೋರ್ಡ್ ಟ್ರಾನ್ಸಿಟ್ 250, 148 ಇಂಚ್ ವೀಲ್‌ಬೇಸು, ಹೈ ರೂಫ್, ಆಲ್ ವೀಲ್ ಡ್ರೈವ್. ಇರೋದು ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್ ಕಡೆ, ರಜಾ ಸಿಕ್ರೆ ಯೂಟಾ ಕಡೆ ಓಡೋದು. ಒಳಗೆ ಮಂಚ, ಬ್ಯಾಟ್ರಿ, ಫ್ರಿಡ್ಜು, ಅಡುಗೆ ಸಾಮಾನು ಎಲ್ಲ ತುಂಬಿ ಮಕ್ಕಳ ಸೈಕಲ್ಲು, ಸೌದೆ, ಎಕ್ಸ್‌ಟ್ರಾ ನೀರು, ಕ್ಯಾನೊಪಿ, ಇವಕ್ಕೆ ಜಾಗ ಇಲ್ಲ. ಮೇಲೆ ಕಟ್ಟೋಣ ಅಂದ್ರೆ ವ್ಯಾನೇ 9 ಅಡಿ ದಾಟಿದೆ, ಅದ್ರ ಮೇಲೆ ಇನ್ನೂ ಭಾರ ಹೇರಿದ್ರೆ ಗಾಳಿಗೆ ಗಾಡಿ ವಾಲಾಡತ್ತೆ. ರೆಡಿಮೇಡ್ ಟ್ರೇಲರ್ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲ ಜೀಪು, ಪಿಕಪ್ ಮನಸ್ಸಲ್ಲಿ ಇಟ್ಕೊಂಡು ಮಾಡಿರೋವು, ಟಂಗ್ (ಗಾಡಿಗೆ ಸಿಗಿಸೋ ಮುಂದಿನ ಉದ್ದ ತೊಲೆ) ಗಿಡ್ಡ, ಬಾಕ್ಸ್ ಎತ್ತರ, ಖಾಲಿ ಇದ್ದಾಗ್ಲೇ ಭಾರ. ಅದಕ್ಕೇ ನಾವೇ ಡ್ರಾಯಿಂಗ್ ಮಾಡಿ ವೆಲ್ಡರ್ ಹತ್ರ ಮಾಡಿಸೋದು ಅಂತ ಆಯ್ತು.

ಮೊದ್ಲು ಕಂಪ್ಯೂಟರ್ ಮುಂದೆ ಕೂರೋ ಬದ್ಲು ಮಕ್ಕಳ ಚಾಕ್ ತಗೊಂಡು ಡ್ರೈವ್‌ವೇನಲ್ಲಿ ಗೆರೆ ಎಳೆದೆ. ಹಿಂದಿನ ಎರಡೂ ಬಾಗಿಲು ನಿಧಾನಕ್ಕೆ ತೆಗೀತಾ ಅದ್ರ ತುದಿ ಎಲ್ಲೆಲ್ಲಿ ಓಡಾಡತ್ತೆ ಅಂತ ನೆಲದ ಮೇಲೆ ಕಮಾನು ಬರೆಯೋದು. ಒಂದೊಂದು ಬಾಗಿಲು ಸುಮಾರು 30 ಇಂಚು. ಅಂದ್ರೆ ಟ್ರೇಲರ್ ಬಾಕ್ಸಿನ ಮುಖ ವ್ಯಾನಿಂದ ಕಮ್ಮಿ ಅಂದ್ರೂ ಅಷ್ಟು ದೂರ ಇರ್ಬೇಕು, ಇಲ್ಲಾಂದ್ರೆ ಪ್ರತಿ ಸಲ ಬಾಗಿಲು ತೆಗೆಯೋಕೂ ಟ್ರೇಲರ್ ಬಿಚ್ಚಬೇಕು. ನಮ್ಮ ಸ್ಟೌ ಬೇರೆ ಹಿಂದ್ಗಡೆನೇ ಸ್ಲೈಡ್ ಆಗಿ ಹೊರಗೆ ಬರೋದು. ಬಾಗಿಲು ಹಿಡ್ಕೊಂಡು ನಿಂತಿದ್ದ ನನ್ನ ಹೆಂಡ್ತಿ, "ರೀ, ಇಷ್ಟು ಸಂದಿನಲ್ಲಿ ನಿಂತ್ಕೊಂಡು ದೋಸೆ ಹುಯ್ಯೋಕಾಗತ್ತಾ ನಿಮ್ಗೆ?" ಅಂತ ಕೇಳಿದ್ಲು. ನ್ಯಾಯವಾದ ಪ್ರಶ್ನೆ. ಹಂಗಾಗಿ ಹಿಚ್ಚಿಂದ, ಅಂದ್ರೆ ವ್ಯಾನಿನ ಹಿಂದೆ ಟ್ರೇಲರ್ ಸಿಗಿಸೋ ಕೊಂಡಿಯಿಂದ, ಬಾಕ್ಸಿನ ಮುಖಕ್ಕೆ 48 ಇಂಚು ಅಂತ ಫಿಕ್ಸ್ ಮಾಡಿದ್ವಿ. ಹಿಚ್ಚೇ ವ್ಯಾನಿಂದ ಒಂದಡಿ ಹೊರಗೆ ಇರೋದ್ರಿಂದ ಒಟ್ಟು 60 ಇಂಚ್ ಸಿಗತ್ತೆ, ಬಾಗಿಲಿಗೆ 30, ನನಗೆ 30.

ಈ 48ಕ್ಕೆ ಇನ್ನೊಂದು ಲಾಭ ಇದೆ. ವ್ಯಾನ್ ಅಗಲ ಕನ್ನಡಿ ಬಿಟ್ಟು 81 ಇಂಚ್ ಚಿಲ್ರೆ, ಅದ್ರ ಅರ್ಧ 41ರ ಹತ್ರ. ರಿವರ್ಸ್ ತಗೊಳ್ವಾಗ ಟ್ರೇಲರ್ ಪೂರ್ತಿ ಅಡ್ಡ ತಿರುಗಿದ್ರೂ ಬಾಕ್ಸ್ ವ್ಯಾನಿನ ಮೂಲೆಗೆ ತಾಗಬಾರ್ದು ಅಂದ್ರೆ ಟಂಗ್ ಉದ್ದ ವ್ಯಾನಿನ ಅರ್ಧ ಅಗಲಕ್ಕಿಂತ ಜಾಸ್ತಿ ಇರ್ಬೇಕು. ಉದ್ದ ಟಂಗ್ ಇರೋ ಟ್ರೇಲರ್ ರಿವರ್ಸಲ್ಲಿ ನಿಧಾನಕ್ಕೆ ತಿರುಗತ್ತೆ ಕೂಡ, ಗಿಡ್ಡದು ನಾವು ಸ್ಟೀರಿಂಗ್ ಮುಟ್ಟೋ ಮುಂಚೆನೇ ಮಡಚ್ಕೊಂಡು ಬಿಡತ್ತೆ. ತ್ರಿಕೋಣ ಆಕಾರದ ಎ ಫ್ರೇಮ್ ಬೇಡ, ನೇರ ಒಂದೇ ಟ್ಯೂಬ್ ಸಾಕು ಅಂದಿದ್ದೂ ಇದಕ್ಕೇ, ತಿರುವಲ್ಲಿ ಬಂಪರ್‌ಗೆ ಬಡಿಯೋಕೆ ಏನೂ ಇರಲ್ಲ.

ಇನ್ನು ತೂಕ. ಇಲ್ಲಿ ಸ್ವಲ್ಪ ಜಾಸ್ತಿನೇ ಕೊರೀತೀನಿ, ಯಾಕಂದ್ರೆ ಈ ವಿಷಯ ತುಂಬಾ ಜನ ಹಾರಿಸ್ಬಿಡ್ತಾರೆ. ವ್ಯಾನ್ ಎಷ್ಟು ಎಳೆಯತ್ತೆ ಅಂತ ನೋಡ್ತಾರೆ, ವ್ಯಾನ್ ಈಗಾಗ್ಲೇ ಎಷ್ಟು ಹೊತ್ಕೊಂಡಿದೆ ಅಂತ ನೋಡಲ್ಲ. ಟ್ರಾನ್ಸಿಟ್ 250ಗೆ ಬಾಗಿಲ ಸ್ಟಿಕ್ಕರಲ್ಲಿ ಬರೆದಿರೋ ಒಟ್ಟು ತೂಕದ ಮಿತಿ 9,070 ಪೌಂಡು. ಟ್ರಕ್ ಸ್ಟಾಪಲ್ಲಿ ಕ್ಯಾಟ್ ಸ್ಕೇಲ್ ಅಂತ ಗಾಡಿ ತೂಗೋ ತಕ್ಕಡಿ ಇರತ್ತಲ್ಲ, ಅಲ್ಲಿ ನಾವೆಲ್ಲ ಕೂತು, ನೀರು ಪೆಟ್ರೋಲ್ ಅಂತ ಏನೇನು ತುಂಬ್ಸೋದಿದ್ಯೋ ತುಂಬ್ಸಿ ನಿಲ್ಸಿದ್ರೆ 8,650 ಬಂತು. ಉಳಿದಿದ್ದು 420. ಟ್ರೇಲರ್ ಹಿಚ್ಚಿನ ಮೇಲೆ ಕೆಳಗೆ ಒತ್ತೋ ಭಾರ, ಟಂಗ್ ವೇಟ್, ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಇರ್ಬೇಕು ಅನ್ನೋದು ರೂಲ್. ಅದಷ್ಟೂ ಹೋಗೋದು ಆ 420ರ ಲೆಕ್ಕಕ್ಕೆ.

ಅದೂ ನೇರವಾಗಿ ಹೋಗಲ್ಲ. ಹಿಚ್ಚು ಹಿಂದಿನ ಆಕ್ಸಲ್‌ಗಿಂತ ಸುಮಾರು 55 ಇಂಚು ಹಿಂದೆ ಇದೆ. 200 ಪೌಂಡ್ ಅಲ್ಲಿ ಇಟ್ರೆ ಹಿಂದಿನ ಆಕ್ಸಲ್ ಮೇಲೆ ಬೀಳೋದು 200 ಅಲ್ಲ, 270ರ ಹತ್ರ, ಮುಂದಿನ ಚಕ್ರದಿಂದ 70 ಪೌಂಡ್ ಎತ್ತಿ ಹಿಂದಕ್ಕೆ ಹಾಕ್ದಂಗೆ. ಮಂಚ, ನೀರಿನ ಟ್ಯಾಂಕ್ ಎಲ್ಲ ಹಿಂದೆ ಇರೋ ವ್ಯಾನಲ್ಲಿ ಹಿಂದಿನ ಆಕ್ಸಲ್ ಮೊದ್ಲೇ ಏದುಸಿರು ಬಿಡ್ತಿರತ್ತೆ. ಹಂಗಾಗಿ ನಾನು ಟ್ರೇಲರ್ ತುಂಬಿದಾಗ 1,800 ಪೌಂಡ್, ಅದಕ್ಕಿಂತ ಒಂದು ಪೌಂಡ್ ಜಾಸ್ತಿ ಇಲ್ಲ ಅಂತ ಮಿತಿ ಹಾಕ್ಕೊಂಡು ಹಿಂದಕ್ಕೆ ಲೆಕ್ಕ ಹಾಕ್ತಾ ಬಂದೆ. ಖಾಲಿ 900, ಸಾಮಾನು 900.

ಅಪ್ಪಂಗೆ ವಾಟ್ಸಾಪಲ್ಲಿ ಸ್ಕೆಚ್ ತೋರ್ಸಿದ್ರೆ, "ಇದೇನ್ಲಾ ಮಗ, ನಮ್ಮ ಎತ್ತಿನ ಗಾಡಿನೇ ಅಲ್ವೇನ್ಲಾ" ಅಂತ ನಕ್ಕರು. ಹಾಸನದ ಕಡೆ ಗಾಡಿ ಹೇರಿ ಗೊತ್ತಿರೋರು, ಹಿಂಭಾರ ಆದ್ರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯತ್ತೆ, ಮುಂಭಾರ ಜಾಸ್ತಿ ಆದ್ರೆ ನೊಗ ಹೆಗಲು ತಿನ್ನತ್ತೆ. ಹೈವೇನಲ್ಲೂ ಕತೆ ಅಷ್ಟೇ, ಹಿಂಭಾರ ಆದ ಟ್ರೇಲರ್ 65 ಮೈಲಿ ಸ್ಪೀಡಲ್ಲಿ ಬಾಲ ಆಡ್ಸೋಕೆ ಶುರು ಮಾಡಿದ್ರೆ ವ್ಯಾನನ್ನೂ ಜೊತೆಗೆ ಆಡ್ಸತ್ತೆ. ಲೆಕ್ಕ ನೋಡಿ: ಹಿಚ್ಚಿಂದ ಚಕ್ರದ ನಡುವಿಗೆ 92 ಇಂಚು, 1,800 ಪೌಂಡಿನ ಭಾರದ ನಡುಬಿಂದು ಚಕ್ರಕ್ಕಿಂತ 10 ಇಂಚು ಮುಂದೆ ಇದ್ರೆ ಟಂಗ್ ಮೇಲೆ 196 ಪೌಂಡ್, ಅಂದ್ರೆ 11 ಪರ್ಸೆಂಟ್ ಹತ್ರ, ಚೆನ್ನಾಗಿದೆ. ಅದೇ ಬಿಂದು ಬರೀ 6 ಇಂಚು ಹಿಂದಕ್ಕೆ ಸರಿದ್ರೆ 78 ಪೌಂಡು, 4 ಪರ್ಸೆಂಟ್ ಚಿಲ್ರೆ. ಅಂದ್ರೆ ಒಂದು ಸೌದೆ ಮೂಟೆ, ಒಂದು ಜನರೇಟರ್ ಮುಂದಿಂದ ಹಿಂದಕ್ಕೆ ಹೋದ್ರೆ ಸಾಕು.

ಅದಕ್ಕೇ ಡ್ರಾಯಿಂಗಲ್ಲಿ ನೀರಿನ ಟ್ಯಾಂಕ್ ಚಕ್ರದ ನೇರಕ್ಕೇ ಕೂರ್ಸಿದೀನಿ. 20 ಗ್ಯಾಲನ್ ನೀರು ಅಂದ್ರೆ 167 ಪೌಂಡು, ಅದು ದಿನಾ ಖರ್ಚಾಗೋ ಭಾರ. ಮುಂದೆ ಇಟ್ರೆ ಹೋಗ್ವಾಗ ಸರಿ ಇದ್ದ ಟ್ರೇಲರ್ ವಾಪಸ್ ಬರ್ವಾಗ ಹಿಂಭಾರ ಆಗಿರತ್ತೆ. ಚಕ್ರದ ಮೇಲೇ ಇದ್ರೆ ತುಂಬಿದ್ರೂ ಖಾಲಿ ಆದ್ರೂ ಟಂಗಿಗೆ ಗೊತ್ತೇ ಆಗಲ್ಲ. ಸೌದೆ ಮುಂದಿನ ಗೂಡಿಗೆ, ಸೈಕಲ್ ಮೇಲೆ, ಹಗುರ ಸಾಮಾನು ಹಿಂದೆ.

ಫ್ರೇಮಿಗೆ 2×3 ಇಂಚಿನ ಸ್ಟೀಲ್ ಟ್ಯೂಬ್, ಗೋಡೆ ದಪ್ಪ ಇಂಚಿನ ಎಂಟನೇ ಒಂದು ಭಾಗ. ವೆಲ್ಡರ್ "ಇನ್ನೊಂಚೂರು ದಪ್ಪದ್ದು ಹಾಕೋಣ, ಗಟ್ಟಿ ಇರತ್ತೆ" ಅಂದ. ಈ 'ಗಟ್ಟಿ ಇರ್ಲಿ' ಅನ್ನೋದೇ ರೋಗ. ತೆಳ್ಳಗಿಂದು ಅಡಿಗೆ 4 ಪೌಂಡ್ ಹತ್ರ, ಮುಂದಿನ ಸೈಜು ಐದೂವರೆ ದಾಟತ್ತೆ, ಇಡೀ ಫ್ರೇಮಿಗೆ ಲೆಕ್ಕ ಹಾಕಿದ್ರೆ ಒಬ್ಬ ಹುಡುಗನ್ನ ಸುಮ್ನೆ ಕೂರ್ಸ್ಕೊಂಡು ಓಡಾಡ್ದಂಗೆ. ದಪ್ಪ ಬೇಕಾಗಿರೋದು ಟಂಗ್ ಒಂದಕ್ಕೇ. ಅದು ಬಾಕ್ಸಿನ ಕೆಳಗಿಂದ ಹೊರಗೆ ಬರೋ ಜಾಗದಲ್ಲಿ ಬಗ್ಗೋ ಒತ್ತಡ ಎಲ್ಲಕ್ಕಿಂತ ಜಾಸ್ತಿ, ಬಿರುಕು ಬಿಡೋದೂ ಅಲ್ಲೇ. ನಿಂತಾಗ 200 ಪೌಂಡ್ ಇದ್ರೆ ಗುಂಡಿಗೆ ಬಿದ್ದಾಗ ಮೂರು ಪಟ್ಟು ಅಂತ ಇಟ್ಕೊಂಡು ಅದಕ್ಕೆ ಮಾತ್ರ 3×3, ಹದಿನಾರರಲ್ಲಿ ಮೂರು ಭಾಗ ದಪ್ಪದ ಟ್ಯೂಬ್ ಹಾಕಿ, ಮುಂದಿನ ಅಡ್ಡಪಟ್ಟಿಗೆ ಅಂಟಿಸಿ ಬಿಡದೆ ಚಕ್ರದ ಅಡ್ಡ ಟ್ಯೂಬಿನ ತನಕ ಒಳಗೆ ಎಳ್ಕೊಂಡು ಹೋಗಿದೀವಿ. ಆಮೇಲೆ ಟಂಗಿನ ಮೇಲ್ಗಡೆ, ಕೆಳಗಡೆ ಅಡ್ಡಡ್ಡ ವೆಲ್ಡ್ ಹಾಕ್ಬೇಡ, ಪಕ್ಕದಲ್ಲಿ ಉದ್ದುದ್ದ ಹಾಕು ಅಂತ ಡ್ರಾಯಿಂಗಲ್ಲಿ ಕೆಂಪಲ್ಲೇ ಬರೆದೆ. ಎಳೆತ ಜಾಸ್ತಿ ಇರೋ ಮುಖಕ್ಕೆ ಅಡ್ಡ ವೆಲ್ಡ್ ಬಿದ್ರೆ ಬಿರುಕಿಗೆ ನಾವೇ ಗೆರೆ ಹಾಕಿ ಕೊಟ್ಟಂಗೆ.

ಸಸ್ಪೆನ್ಶನ್ನಿಗೆ ಬಂದ್ರೆ, ಲೀಫ್ ಸ್ಪ್ರಿಂಗ್ ಅಗ್ಗ, ಎಲ್ಲಿ ಬೇಕಾದ್ರೂ ರಿಪೇರಿ ಆಗತ್ತೆ, ಆದ್ರೆ ನಡುವೆ ಆಕ್ಸಲ್ ನೇತಾಡ್ತಾ ಇರತ್ತೆ. ನಾನು ತಗೊಂಡಿದ್ದು ಟಿಂಬ್ರೆನ್ ಕಂಪನಿದು ಆಕ್ಸಲ್ ಇಲ್ದೇ ಇರೋ ಸೆಟ್ಟು, 3,500 ಪೌಂಡಿಂದು, ಎರಡೂ ಚಕ್ರಕ್ಕೆ ಬೇರೆ ಬೇರೆ ತೋಳು, ರಬ್ಬರ್ ಸ್ಪ್ರಿಂಗು, ನಡುವೆ ಕಲ್ಲಿಗೆ ತಗುಲೋಕೆ ಏನೂ ಇಲ್ಲ. ಇದ್ರಲ್ಲಿ ಒಂದು ವಿಷಯ ಮರೀಬಾರ್ದು, ಆಕ್ಸಲ್ ಇಲ್ಲ ಅಂದ್ಮೇಲೆ ಎರಡೂ ಚಕ್ರನ ನೆಟ್ಟಗೆ ಹಿಡಿಯೋ ಕೆಲಸ ಫ್ರೇಮಿಂದೇ, ಹಂಗಾಗಿ ಆ ಎರಡು ಬ್ರಾಕೆಟ್ ಮಧ್ಯೆ ಒಂದು ಗಟ್ಟಿ ಅಡ್ಡ ಟ್ಯೂಬ್ ಇರ್ಲೇಬೇಕು. ಚಕ್ರದಿಂದ ಚಕ್ರಕ್ಕೆ ಅಗಲ ವ್ಯಾನಿನಷ್ಟೇ, ಹತ್ತತ್ರ 68 ಇಂಚು, ವ್ಯಾನ್ ಹೋದ ಜಾಡಲ್ಲೇ ಹಿಂದೆ ಬರತ್ತೆ. ಬಾಕ್ಸ್ 54 ಇಂಚಗಲ, 6 ಅಡಿ ಉದ್ದ, ಎರಡು ಚಕ್ರದ ನಡುವೆ ತಗ್ಗಲ್ಲಿ ಕೂರತ್ತೆ.

ವ್ಯಾನಿಗೂ ಟ್ರೇಲರ್‌ಗೂ ಒಂದೇ ಸ್ಪೇರ್ ವೀಲ್ ಆಗ್ಬೇಕು ಅಂತ ಎಲ್ರೂ ಉಪದೇಶ ಮಾಡ್ತಾರೆ. ನಾನು ಒಪ್ಪಲ್ಲ, ಕನಿಷ್ಠ ಟ್ರಾನ್ಸಿಟ್ಟಿಗೆ ಒಪ್ಪಲ್ಲ. ಇದ್ರ ಬೋಲ್ಟ್ ಪ್ಯಾಟರ್ನ್ 5×160 ಮಿಲಿಮೀಟ್ರು, ಅಂದ್ರೆ 160 ಮಿಲಿಮೀಟ್ರ್ ವ್ಯಾಸದ ವೃತ್ತದಲ್ಲಿ 5 ಬೋಲ್ಟು, ಟ್ರೇಲರ್ ಅಂಗಡಿಲಿ ಸಿಗೋ ಹಬ್ (ಚಕ್ರ ಕೂರೋ ಗುಂಬ) ಎಲ್ಲ 5×4.5 ಇಂಚು, 6×5.5 ಇಂಚು ಇಂಥವು. ಬ್ಲಾಂಕ್ ಹಬ್ ತಂದು ಮಷೀನ್ ಶಾಪಲ್ಲಿ ತೂತು ಹಾಕಿಸ್ಬೋದು, ಆದ್ರೆ ಯೂಟಾದ ಯಾವುದೋ ಮೂಲೇಲಿ ಹಬ್ಬೇ ಸುಟ್ಟು ಹೋದ್ರೆ ಆ ಸ್ಪೆಷಲ್ ಹಬ್ ಯಾರು ಕೊಡ್ತಾರೆ? ಟೈರ್ ಪಂಚರ್ ಆದ್ರೆ ಪ್ಲಗ್ ಹಾಕಿ ಬರ್ಬೋದು, ಬೇರಿಂಗ್ ಹೋದ್ರೆ ಅಲ್ಲೇ ಕೂತ್ಕೋಬೇಕು. ಅದಕ್ಕೆ ಮಾಮೂಲಿ 6×5.5 ಹಬ್ಬು, ಒಳಗೆ 68149, ಹೊರಗೆ 44649 ಬೇರಿಂಗು, ಈ ನಂಬರ್ ಹೇಳಿದ್ರೆ ಸಣ್ಣ ಊರಿನ ಟ್ರ್ಯಾಕ್ಟರ್ ಸಾಮಾನಿನ ಅಂಗಡೀಲೂ ಎತ್ತಿ ಕೊಡ್ತಾರೆ. ಗ್ರೀಸ್ ಹಾಕಿ ರೆಡಿ ಮಾಡಿದ ಒಂದು ಹಬ್ಬು ಡಬ್ಬಿಲಿ, ಟ್ರೇಲರ್‌ಗೆ ಅದ್ರದೇ ಒಂದು ಸ್ಪೇರ್ ವೀಲ್. ತೂಕ ಜಾಸ್ತಿ ಆಯ್ತು, ಆಗ್ಲಿ.

ಬ್ರೇಕ್ ಬಗ್ಗೆ ಚೌಕಾಸಿ ಇಲ್ಲ. ಕೊಲೊರಾಡೊದಲ್ಲಿ 3,000 ಪೌಂಡಿನ ಕೆಳಗಿನ ಟ್ರೇಲರ್‌ಗೆ ಕಾನೂನು ಕೇಳಲ್ಲ, ಆದ್ರೆ ಐ-70ರಲ್ಲಿ ಐಸೆನ್‌ಹೋವರ್ ಟನೆಲ್ಲಿಂದ, 11,000 ಅಡಿ ಮೇಲಿಂದ, 9,000 ಪೌಂಡ್ ವ್ಯಾನ್ ತಗೊಂಡು ಇಳಿದು ನೋಡಿ, ಹಿಂದಿಂದ ಇನ್ನೂ 1,800 ತಳ್ಳೋದು ಬೇಕಾ ಅಂತ ಗೊತ್ತಾಗತ್ತೆ. 10 ಇಂಚಿನ ಎಲೆಕ್ಟ್ರಿಕ್ ಡ್ರಮ್ಮು, ಟ್ರೇಲರ್ ಕಿತ್ಕೊಂಡ್ರೆ ತಾನೇ ಬ್ರೇಕ್ ಹಿಡಿಯೋ ಬ್ರೇಕ್‌ಅವೇ ಸ್ವಿಚ್ಚು, ಮುಗೀತು. ಹಿಚ್ಚಿಗೆ ಮಾಮೂಲಿ ಬಾಲ್ ಬದ್ಲು ಎಲ್ಲಾ ದಿಕ್ಕಿಗೂ ತಿರುಗೋ ಕಪ್ಲರ್ (ಟಂಗ್ ತುದಿಯ ಕೊಂಡಿ), ಹಳ್ಳ ಇಳಿವಾಗ ವ್ಯಾನ್ ಒಂದ್ಕಡೆ ಟ್ರೇಲರ್ ಇನ್ನೊಂದ್ಕಡೆ ವಾಲಿದ್ರೂ ಬಾಲ್ ಥರ ಸಿಕ್ಕಾಕ್ಕೊಳಲ್ಲ.

ವಾಷ್‌ಬೋರ್ಡ್ ರಸ್ತೆ ಗೊತ್ತಿಲ್ದೋರಿಗೆ: ಮಣ್ಣು ರಸ್ತೆ ಮೇಲೆ ಅಡ್ಡಡ್ಡ ಅಲೆ ಎದ್ದಿರತ್ತೆ, ಮೈಲಿಗಟ್ಲೆ. ಎಸ್ಕಲಾಂಟೆ ಹತ್ರ ಹೋಲ್ ಇನ್ ದ ರಾಕ್ ರೋಡು ಇದಕ್ಕೆ ಹೆಸರುವಾಸಿ, 60 ಮೈಲಿ ಚಿಲ್ರೆ ಉದ್ದ, ವ್ಯಾನೊಳಗೆ ಸ್ಕ್ರೂಗಳು ತಾವೇ ಬಿಚ್ಕೊಂಡು ಉದುರತ್ವೆ. ಹಂಗಾಗಿ ಟ್ರೇಲರಲ್ಲಿ ಎಲ್ಲಾ ಕಡೆ ನೈಲಾಕ್ ನಟ್ಟು, ಅದುರಿದ್ರೂ ಸುಲಭಕ್ಕೆ ಸಡಿಲ ಆಗಲ್ಲ. ಲೈಟಿನ ವೈರಿಗೆ ಫ್ರೇಮನ್ನೇ ಅರ್ಥ್ ಅಂತ ನಂಬದೆ ಬೇರೆ ಅರ್ಥ್ ವೈರು, ಟ್ಯೂಬಲ್ಲಿ ತೂತಿದ್ದ ಕಡೆ ರಬ್ಬರ್ ಗ್ರಾಮೆಟ್ಟು. ಇದು ಬೋರಿಂಗ್ ಕೆಲಸ, ಯಾರೂ ಫೋಟೊ ಹಾಕಲ್ಲ, ಆದ್ರೆ ಅಲ್ಲಿ ಕೈ ಕೊಡೋದು ಇದೇ.

ಧೂಳಂತೂ ಕೇಳ್ಬೇಡಿ. ಓಡೋ ಟ್ರೇಲರ್ ಹಿಂದ್ಗಡೆ ಗಾಳಿ ಒತ್ತಡ ಕಮ್ಮಿ, ಎದ್ದ ಧೂಳೆಲ್ಲ ಅಲ್ಲಿಗೇ ಎಳ್ಕೊಂಡು ಬರತ್ತೆ, ಅಲ್ಲೇ ಬಾಗಿಲು ಇಟ್ರೆ ಸಂದಿಂದ ಒಳಗೆ. ನಮ್ಮ ಬಾಕ್ಸಿಗೆ ಹಿಂದೆ ಬಾಗಿಲೇ ಇಲ್ಲ. ಮೇಲ್ಗಡೆ ಮುಚ್ಚಳ, ಎರಡೂ ಪಕ್ಕ ಸಣ್ಣ ಬಾಗಿಲು, ಸುತ್ತ ದಪ್ಪ ರಬ್ಬರ್ ಬೀಡಿಂಗ್, ಅದನ್ನ ಅದುಮಿ ಹಿಡಿಯೋ ಲ್ಯಾಚು. ಮುಂದ್ಗಡೆ ಎತ್ತರದಲ್ಲಿ ಫಿಲ್ಟರ್ ಹಾಕಿದ ಒಂದು ಗಾಳಿಕಿಂಡಿ, ಓಡ್ವಾಗ ಗಾಳಿ ಒಳಗೆ ತುಂಬಿ ಬಾಕ್ಸೊಳಗಿನ ಒತ್ತಡ ಸ್ವಲ್ಪ ಜಾಸ್ತಿ ಇರತ್ತೆ, ಧೂಳು ಒಳಗೆ ನುಗ್ಗೋ ಬದ್ಲು ಗಾಳಿ ಹೊರಗೆ ಹೋಗತ್ತೆ. ಆಸ್ಟ್ರೇಲಿಯಾದೋರು ಕ್ಯಾರವಾನಿಗೆ ಮಾಡೋ ಉಪಾಯನೇ ಇದು.

ಟ್ರೇಲರ್ ಇದೆ ಅಂತ ಎಲ್ಲಾ ಕಡೆ ಎಳ್ಕೊಂಡು ಹೋಗೋಕಾಗಲ್ಲ ಅನ್ನೋದೂ ಡಿಸೈನಿಗೆ ಸೇರಿದ್ದೇ. ಯೂಟಾದಲ್ಲಿ ಮೋಕಿ ಡಗ್‌ವೇ ಅಂತ, ಬಂಡೆ ಮುಖಕ್ಕೇ ಕೊರೆದ ಮಣ್ಣಿನ ಘಾಟಿ, 11 ಪರ್ಸೆಂಟ್ ಏರು, ಒಂದಾದ್ಮೇಲೊಂದು ಹೇರ್‌ಪಿನ್ನು. 28 ಅಡಿಗಿಂತ ಉದ್ದ, 10,000 ಪೌಂಡಿಗಿಂತ ಭಾರದ ಗಾಡಿ ಬೇಡ ಅಂತಾರೆ. ವ್ಯಾನ್ ಹತ್ತತ್ರ 20 ಅಡಿ, ಟ್ರೇಲರ್ 10, ಎರಡೂ ಲೆಕ್ಕದಲ್ಲಿ ನಾವು ಫೇಲು. ಅಂಥ ಕಡೆ ಕೆಳಗೇ ಕ್ಯಾಂಪ್ ಹಾಕಿ ಟ್ರೇಲರ್ ಬಿಟ್ಟು ಹೋಗ್ಬೇಕು. ಆದ್ದರಿಂದ ಮುಂದೆ ಚಕ್ರ ಇರೋ ಜಾಕಿನ ಬದ್ಲು ಮರಳಲ್ಲಿ ಹೂತುಕೊಳ್ದೇ ಇರೋ ಅಗಲ ಪಾದದ ಜಾಕು, ಹಿಂದೆ ಎರಡು ಇಳಿಸೋ ಕಾಲು, ಕಪ್ಲರ್‌ಗೆ ಬೀಗ ಇವೆಲ್ಲ ಲಿಸ್ಟಿಗೆ ಸೇರ್ಕೊಂಡ್ವು. ಮನೇಲಿ ಮಾಡಿಸಿದ ಟ್ರೇಲರ್‌ಗೆ ರಾಜ್ಯದೋರ ಹತ್ರ ವಿನ್ ನಂಬರ್ (ಗಾಡಿಯ ಗುರುತಿನ ನಂಬರ್) ತಗೋಬೇಕು, ಸ್ಟೀಲಿನ ರಸೀದಿಗಳನ್ನೆಲ್ಲ ಒಂದು ಫೈಲಲ್ಲಿ ಹಾಕಿದೀನಿ. ಕಟಿಂಗ್ ಲಿಸ್ಟ್ ವೆಲ್ಡರ್ ಕೈ ಸೇರಿದೆ, ಫ್ರೇಮ್ ಬಂದ್ಮೇಲೆ ಮೊದಲ ಕೆಲಸ ಅದನ್ನ ಖಾಲಿನೇ ತೂಕ ಮಾಡಿಸೋದು. 900 ಒಳಗೆ ಬರ್ಲಿಲ್ಲ ಅಂದ್ರೆ ಸೌದೆ ಕಟ್.